ಪ್ರಾರ್ಥನೆ ನಿನ್ನದು, ಕೈ ನನ್ನದು

ಈ ವರ್ಷ ತರಬೇತಿ ಮುಗಿಸಿ ಹಳ್ಳಿಗಳಿಗೆ ಹೊರಟಿರುವ ನಮ್ಮ ಕ್ರೈಸ್ತ ಸಭೆಯ ಐದು ಮಂದಿ ಹೊಸ ಉಪದೇಶಿಗಳು ಕಳೆದ ವಾರ ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಗೆ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಹೊಸ ಚೀಲ. ಚಹಾ ಕುಡಿದು, "ಅಯ್ಯನವರೇ, ನಿಮ್ಮ ಕಾಲದ ಅನುಭವ ಹೇಳಿ" ಎಂದರು. ನಾನು ಎತ್ತಿನ ಗಾಡಿ ಹಳ್ಳದಲ್ಲಿ ಮಗುಚಿದ್ದು, ಪ್ರಾರ್ಥನೆಯ ನಡುವೆ ಮೇಕೆ ಬಂದು ವೇದಪುಸ್ತಕದ ಹಾಳೆ ತಿಂದದ್ದು, ಇಂಥವು ನಾಲ್ಕು ಹೇಳಿ ನಗಿಸಿ ಕಳಿಸಿದೆ. ಹೇಳಬೇಕಾದ್ದನ್ನು ಹೇಳಲಿಲ್ಲ. ಎದುರಿಗೆ ಕೂತವರ ಮುಖ ನೋಡಿಕೊಂಡು ಅದನ್ನು ಹೇಳುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಉಪದೇಶಿ ಎಂದರೆ ಉಪದೇಶ ಮಾಡುವವನು ಎಂದು ನೀವು ತಿಳಿದಿದ್ದರೆ ಆ ಭ್ರಮೆ ಈಗಲೇ ಬಿಡಿ. ಅದು ವಾರಕ್ಕೆ ಒಂದು ತಾಸಿನ ಕೆಲಸ. ಉಳಿದ ದಿನಗಳಲ್ಲಿ ನಾನು ಸಾಲಿ ಮಾಸ್ತರ, ಪತ್ರ ಬರೆಯುವವನು, ಪತ್ರ ಓದುವವನು, ಗಂಡ ಹೆಂಡಿರ ಜಗಳ ಬಿಡಿಸುವವನು, ಜ್ವರಕ್ಕೆ ಗುಳಿಗೆ ಕೊಡುವವನು. ಸಿರಿಗೇರಿ, ತೆಕ್ಕಲಕೋಟೆ ಕಡೆಯ ನಾಲ್ಕು ಊರುಗಳ ಕೇರಿಗಳು ನನ್ನ ಪಾಲಿಗಿದ್ದವು. ವಾರದ ಸಾಲಿಯೇ ಭಾನುವಾರದ ದೇವಾಲಯ. ಮಗ್ಗಿ ಬರೆದ ಹಲಗೆಯನ್ನು ಗೋಡೆಗೆ ತಿರುಗಿಸಿ ಇಟ್ಟರೆ ಆರಾಧನೆಗೆ ಸಿದ್ಧವಾದಂತೆ. ಹಾಡುಗಳಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಜನ ಎರಡನ್ನೂ ಒಂದೇ ರಾಗಕ್ಕೆ ಎಳೆದುಬಿಡುತ್ತಿದ್ದರು.

ನಮ್ಮ ಮೇಲೆ ಬಳ್ಳಾರಿಯಲ್ಲಿ ಪಾದ್ರಿ ಸಾಮುವೇಲಪ್ಪನವರು. ಎತ್ತರದ ಆಳು, ಬಿಳಿ ರುಮಾಲು, ಮಾತು ಕಡಿಮೆ. ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು. ದೀಕ್ಷಾಸ್ನಾನ, ಮದುವೆ, ಕರ್ತನ ಭೋಜನ ಅವರ ಕೆಲಸ. ಆರಾಧನೆಯ ಕೊನೆಗೆ ಕೈ ಎತ್ತಿ ಆಶೀರ್ವದಿಸುವುದೂ ಅವರದೇ. ಗುರುಪಟ್ಟ ಆಗದ ನನ್ನಂಥವನು ಪ್ರಾರ್ಥನೆ ಮುಗಿಸುವಾಗ ಎರಡೂ ಕೈಯನ್ನು ಪುಸ್ತಕದ ಮೇಲೆ ಇಟ್ಟುಕೊಂಡಿರಬೇಕು. ಕೆಲಸಕ್ಕೆ ಸೇರಿದ ದಿನವೇ ಅವರು ನನಗೆ ಹೇಳಿದ್ದು ಇಷ್ಟು: "ನೋಡಪ್ಪಾ, ಪ್ರಾರ್ಥನೆ ನಿನ್ನದು, ಕೈ ನನ್ನದು."

ಜನಕ್ಕೆ ಬೇಕಾಗಿದ್ದದ್ದು ಕೈಯೇ. ಬಾಯಿ ಮಾತಿನ ಪ್ರಾರ್ಥನೆ ಅವರಿಗೆ ಅರ್ಧ ಊಟ ಇದ್ದಂತೆ. ತಲೆ ಮೇಲೆ ಕೈ ಬಿದ್ದರೇ ಸಮಾಧಾನ. ಆದ್ದರಿಂದ ಅವರು ಆಶೀರ್ವಾದಕ್ಕೆ ಬೇಕಾದ್ದನ್ನೆಲ್ಲ ಕೂಡಿಡುತ್ತಿದ್ದರು. ಪಾದ್ರಿ ಅಯ್ಯನವರು ಬಂದ ದಿನ ಸಾಲಿಯ ಮುಂದೆ ನೋಡಬೇಕಿತ್ತು: ಬುಟ್ಟಿಯಲ್ಲಿ ಬಿತ್ತನೆ ಜೋಳ, ಹೊಸದಾಗಿ ಕೊಂಡ ಎಮ್ಮೆ, ಎರಡು ತಿಂಗಳಿಂದ ಒಳಗೆ ಕಾಲಿಡದೆ ಕಾದಿಟ್ಟ ಹೊಸ ಗುಡಿಸಲಿನ ಬಾಗಿಲು ಕಿತ್ತು ತಂದವನೊಬ್ಬ, ಬಸುರಿಯರು, ಮುದುಕರು, ಎಲ್ಲ ಸಾಲಾಗಿ. ಅಯ್ಯನವರು ಎಮ್ಮೆಗೂ ಬೇಸರಿಸದೆ ಕೈ ಎತ್ತುತ್ತಿದ್ದರು.

ನನ್ನ ಮೊದಲ ಊರು ಕುರುಗೋಡು. ಅಲ್ಲಿಯೇ ನನ್ನ ಮೊದಲ ತಪ್ಪೂ ನಡೆದದ್ದು. ಕಲ್ಲು ಒಡೆಯುವ ಒಬ್ಬನ ಹೊಸ ಮನೆಗೆ ಪಾದ್ರಿ ಅಯ್ಯನವರು ಬರಬೇಕಿತ್ತು. ಮಧ್ಯಾಹ್ನ ಆಯಿತು, ಬರಲಿಲ್ಲ. ದಾರಿಯಲ್ಲಿ ಗಾಡಿಯ ಅಚ್ಚು ಮುರಿದಿತ್ತಂತೆ. ಅಡುಗೆ ಆರುತ್ತಿತ್ತು, ಮಕ್ಕಳು ಅಳುತ್ತಿದ್ದವು. ಆ ಮನೆಯ ಮುದುಕಿ ಬಂದು ನನ್ನ ಕೈ ಹಿಡಿದು, "ಅನ್ನ ಆರಾಕತ್ತೈತಿ, ಉಪದೇಶ್ಯಾರ. ನಿಮಗೂ ದೇವ್ರು ಎರಡು ಕೈ ಕೊಟ್ಟಾನಲ್ರಿ. ಎತ್ರಿ, ಊಟ ಮಾಡೂಣು" ಎಂದಳು. ಎತ್ತಿದೆ. ಎತ್ತುವಾಗ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮರುವಾರ ಬಳ್ಳಾರಿಗೆ ಕರೆ ಬಂತು. ಸಾಮುವೇಲಪ್ಪನವರು ಬೈಯಲಿಲ್ಲ. ವರಾಂಡದಲ್ಲಿ ನಿಲ್ಲಿಸಿದರು. ಮೂರು ತಾಸು. ಹೋಗಿ ಬರುವ ಸಾಲಿ ಹುಡುಗಿಯರು, ಅಡುಗೆಯವಳು, ಜವಾನ ಎಲ್ಲರೂ ನೋಡಿದರು. ಆಮೇಲೆ ಒಳಗೆ ಕರೆದು, ಕಾಯಬೇಕಾದಲ್ಲಿ ಕಾಯದೆ ತಾನೇ ಬಲಿ ಅರ್ಪಿಸಿ ರಾಜ್ಯ ಕಳೆದುಕೊಂಡ ಅರಸನ ಅಧ್ಯಾಯ ತೆಗೆಸಿ ಗಟ್ಟಿಯಾಗಿ ಓದಿಸಿದರು. ಓದಿ ಮುಗಿಸಿದ ಮೇಲೆ, "ಇನ್ನೊಮ್ಮೆ ಆದರೆ ಕೆಲಸ ಬಿಡಿಸುತ್ತೇನೆ. ಹೋಗು" ಎಂದರು. ನನ್ನನ್ನು ಕುರುಗೋಡಿನಿಂದ ತೆಗೆದು ಸಿರಿಗೇರಿ ಕಡೆಗೆ ಹಾಕಿದರು. ಅಂದಿನಿಂದ ಪ್ರಾರ್ಥನೆಗೆ ನಿಂತರೆ ನನ್ನ ಕೈಗಳು ತಾವಾಗಿಯೇ ಪುಸ್ತಕಕ್ಕೆ ಅಂಟಿಕೊಳ್ಳುತ್ತಿದ್ದವು.

ಸಿರಿಗೇರಿಯಿಂದ ಒಂದು ಹರದಾರಿ ಆಚೆಗಿನ ಆ ಊರಿನ ಹೆಸರು ಬರೆಯುವುದಿಲ್ಲ. ಗೌಡರ ಮೊಮ್ಮಕ್ಕಳೂ ಇದ್ದಾರೆ, ಕೇರಿಯವರ ಮೊಮ್ಮಕ್ಕಳೂ ಇದ್ದಾರೆ. ಕೇರಿಯಲ್ಲಿ ನಮ್ಮ ಸಭೆಯವರು ಹದಿನಾಲ್ಕು ಮನೆ. ಅವರಲ್ಲಿ ಹುಲಿಗೆಪ್ಪ ಎಂಬವನೊಬ್ಬ. ದೀಕ್ಷಾಸ್ನಾನದಲ್ಲಿ ಯೋಹಾನ ಎಂದು ಹೆಸರಿಟ್ಟಿದ್ದರು, ಆದರೆ ಅವನ ಹೆಂಡತಿಯನ್ನೂ ಸೇರಿಸಿ ಯಾರೂ ಹಾಗೆ ಕರೆಯಲಿಲ್ಲ. ತಲೆತಲಾಂತರದಿಂದ ಊರಿನ ಹಲಗೆ ಬಾರಿಸುವ ಮನೆತನ ಅವನದು. ಸಾವಿಗೆ, ಡಂಗುರಕ್ಕೆ, ಊರಮ್ಮನ ಪೂಜೆಗೆ ಅವರ ಹಲಗೆಯೇ ಬೇಕು. ಸಭೆಗೆ ಸೇರಿದವರು ಹಲಗೆ ಮುಟ್ಟಬಾರದು ಎಂಬುದು ಮಿಷನ್ನಿನ ಕಟ್ಟಪ್ಪಣೆ. ಹುಲಿಗೆಪ್ಪ ತನ್ನ ಹಲಗೆಯನ್ನು ತಂದು ನನ್ನ ಕೈಗೆ ಕೊಟ್ಟಿದ್ದ. ನಾನು ಅದನ್ನು ಸಾಲಿಯ ಗೋಡೆಯ ಮೊಳೆಗೆ ನೇತುಹಾಕಿದ್ದೆ, ಗೆದ್ದ ಗುರುತು ಎಂಬ ಹಾಗೆ. ಆರಾಧನೆಯ ಹೊತ್ತಿನಲ್ಲಿ ಅವನ ಕಣ್ಣು ಆಗಾಗ ಆ ಮೊಳೆಯ ಕಡೆ ಹೋಗುವುದನ್ನು ನಾನು ಕಂಡಿದ್ದೇನೆ.

ನಾನು ಅಲ್ಲಿ ಕಲಿಸುತ್ತಿದ್ದ ಪಾಠ ಸರಳ. ಮಾತು ಕೇಳಿ, ಆಶೀರ್ವಾದ ಹಿಂದೆಯೇ ಬರುತ್ತದೆ. ದೇವರ ಮಾತು, ಸಭೆಯ ಮಾತು, ಹಿರಿಯರ ಮಾತು. ಮಕ್ಕಳಿಗೂ ಅದೇ, ಮುದುಕರಿಗೂ ಅದೇ. ಹುಲಿಗೆಪ್ಪನ ಹೆಂಡತಿ ಶಾಂತಮ್ಮ ಒಂದು ದಿನ ಎಲ್ಲರ ನಡುವೆ ಎದ್ದು ಕೇಳಿದಳು: "ಅಯ್ಯಾರ, ಮಾತು ಕೇಳಿದೋರ ಮ್ಯಾಕಿನೂ ಸತ್ತಾವು, ಕೇಳದೋರ ಮ್ಯಾಕಿನೂ ಸತ್ತಾವು. ಅದ್ಯಾಕ್ರಿ?" ಎಲ್ಲರೂ ನಕ್ಕರು. ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು. "ತಾಳ್ಮಿ ಬೇಕಮ್ಮಾ ಶಾಂತಮ್ಮ, ಕಾಯಬೇಕು" ಎಂದೆ. ಆಕೆ ಸೆರಗು ಸರಿಮಾಡಿಕೊಂಡು ಕೂತಳು. ಆ ಉತ್ತರ ನೆನೆದರೆ ಈಗ ನಾಲಿಗೆ ಕಹಿಯಾಗುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಕಾಲರಾ ಬಂತು. ಊರೊಳಗೆ ಮೂರು ಸಾವಾದವು. ಊರಮ್ಮನನ್ನು ಗಡಿ ದಾಟಿಸಿದರೆ ಬೇನೆ ಹೋಗುತ್ತದೆ ಎಂದು ಹಿರಿಯರು ಕೂಡಿ ನಿಶ್ಚಯಿಸಿದರು. ಗಡಿ ದಾಟಿಸಲು ಹಲಗೆ ಬೇಕು. ಗೌಡರು ತಾವೇ ಕೇರಿಯ ತನಕ ಬಂದು ನಿಂತರು.

"ಲೇ ಹುಲಿಗ್ಯಾ, ನಾಳಿ ಮುಂಜಾನಿ ಹಲಗಿ ತಗೊಂಡು ಬಾ. ಬರಲಿಲ್ಲಾಂದ್ರ ನಮ್ಮ ತೋಟದ ನೀರಿಗೆ ನಿಮ್ಮೋರು ಯಾರೂ ಬರಂಗಿಲ್ಲ."

ಕೇರಿಯವರಿಗೆ ಬೇರೆ ಬಾವಿ ಇರಲಿಲ್ಲ. ಗೌಡರ ತೋಟದ ಬಾವಿಯ ಹೊರಗೆ ಒಂದು ಕಲ್ಲು ದೋಣಿ. ಆಳು ನೀರು ಸೇದಿ ಅದಕ್ಕೆ ಸುರಿದರೆ ಇವರು ತುಂಬಿಕೊಳ್ಳಬೇಕು. ವಿಚಿತ್ರ ನೋಡಿ, ಹಿಂದಿನ ವಾರವಷ್ಟೇ ನಾನು ಗೌಡರನ್ನು ಬೇಡಿಕೊಂಡು ಆ ಬಾವಿಗೆ ಮಿಷನ್ ಆಸ್ಪತ್ರೆಯವರು ಕೊಟ್ಟ, ನೀರು ಶುದ್ಧ ಮಾಡುವ ಕೆಂಪು ಪುಡಿ ಹಾಕಿಸಿದ್ದೆ. ಆ ಸೀಮೆಯಲ್ಲಿ ಕುಡಿಯಲು ಯೋಗ್ಯವಾದ ನೀರು ಅದೊಂದೇ ಆಗಿತ್ತು.

ಹುಲಿಗೆಪ್ಪ ನನ್ನ ಹತ್ತಿರ ಓಡಿ ಬಂದ. "ಏನ್ ಮಾಡ್ಲಿರಿ ಅಯ್ಯಾರ? ನನ್ನೊಬ್ಬನ ಸಲುವಾಗಿ ಕೇರಿ ಮಂದೀನೆಲ್ಲ ಬಾಯಾರಸ್ಲೇನ್ರಿ?"

"ಹಲಗಿ ಮುಟ್ಟಬ್ಯಾಡ" ಎಂದೆ. "ಮಾತು ಕೇಳು. ದೇವ್ರು ನೋಡಿಕೊಳ್ತಾನ."

ಅವನು ಕೇಳಿದ. ಮೂರು ದಿನ ಕೇಳಿದ. ದೋಣಿಗೆ ನೀರು ಬೀಳಲಿಲ್ಲ. ಕೇರಿಯ ಹೆಂಗಸರು ಎಮ್ಮೆ ಮೈ ತೊಳೆಯುವ ಕುಂಟೆಯ ಪಾಚಿ ಸರಿಸಿ ಕೊಡ ತುಂಬಿದರು. ಕುದಿಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಿದೆ. ಗಂಜಿ ಕಾಯಿಸುವುದಕ್ಕೇ ಪುಳ್ಳೆ ಸಾಲದ ಮನೆಗಳವು. ಮೂರನೆಯ ದಿನ ನಮ್ಮ ಹದಿನಾಲ್ಕು ಮನೆಗಳಲ್ಲಿ ಒಬ್ಬ ಬಾಣಂತಿ ಹೋದಳು, ಒಬ್ಬ ಮುದುಕ ಹೋದ. ಅಲ್ಲಿಯವರೆಗೆ ಬೇನೆ ಕೇರಿಗೆ ಬಂದಿರಲಿಲ್ಲ. ಅದನ್ನು ಕರೆತಂದದ್ದು ಕುಂಟೆಯ ನೀರು. ಕುಂಟೆಗೆ ಅವರನ್ನು ಕಳಿಸಿದ್ದು ನನ್ನ ಮಾತು. ಇದನ್ನು ನಾನು ಯಾವ ವರದಿಯಲ್ಲೂ ಬರೆದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕನೆಯ ದಿನ ಮುಂಜಾನೆ ಸಾಲಿ ನಡೆದಿತ್ತು. ಹುಲಿಗೆಪ್ಪ ಒಳಗೆ ಬಂದ, ಯಾರನ್ನೂ ಕೇಳದೆ ಮೊಳೆಯಿಂದ ಹಲಗೆ ಇಳಿಸಿಕೊಂಡ. ಹೊರಗೆ ಕೂತು ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ, ಸಡಿಲಾಗಿದ್ದ ಚರ್ಮವನ್ನು ಕಾಯಿಸಿದ. ನಾನು ಬಾಗಿಲಲ್ಲಿ ನಿಂತು, "ಹುಲಿಗೆಪ್ಪಾ, ಬ್ಯಾಡ" ಎಂದೆ. ಅವನು ತಲೆ ಎತ್ತಲಿಲ್ಲ. "ಬಾಣಂತೀನ ಹೂಳಿ ಬಂದೀನ್ರಿ ಅಯ್ಯಾರ. ಇವತ್ತು ನಿಮ್ಮ ಮಾತು ಕೇಳಾಕ ಆಗಂಗಿಲ್ಲ" ಎಂದು ಹೇಳಿ ಹೋದ. ಊರಮ್ಮ ಗಡಿ ದಾಟಿದಳು. ಅಂದು ಸಂಜೆಯೇ ದೋಣಿಗೆ ನೀರು ಬಿತ್ತು.

ಅಂದು ಸಂಜೆಯೇ ನಾನು ಬಳ್ಳಾರಿಗೆ ಕಾರ್ಡು ಬರೆದೆ. ನಡೆದದ್ದನ್ನು ನಡೆದಂತೆ ವರದಿ ಮಾಡುವುದು ಉಪದೇಶಿಯ ಕರ್ತವ್ಯ. ಆದರೆ ನನ್ನ ಕಾರ್ಡಿನಲ್ಲಿ ಹಲಗೆ ಇತ್ತು, ಕುಂಟೆ ಇರಲಿಲ್ಲ. ಉತ್ತರ ಮೂರನೆಯ ದಿನ ಬಂತು: ನಾನು ಬರುವವರೆಗೆ ಅವನನ್ನು ಸಭೆಯಿಂದ ನಿಲ್ಲಿಸು. ನಿಲ್ಲಿಸುವುದೆಂದರೆ ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಹಾಗೆ ನಿಂತವನು ಬಾಗಿಲ ಹೊರಗೆ ಕೂರಬೇಕು, ಹಾಡಬಾರದು, ಅವನ ಹೆಸರು ಹಾಜರಿಯಲ್ಲಿ ಕೂಗುವುದಿಲ್ಲ. ಭಾನುವಾರ ನಾನು ಹುಲಿಗೆಪ್ಪನ ಹೆಸರು ಬಿಟ್ಟು ಮುಂದಿನ ಹೆಸರು ಕೂಗಿದೆ. ಅವನು ಹೊರಗೆ ಬಿಸಿಲಿನಲ್ಲಿ, ಗೋಡೆಗೆ ಒರಗಿ ಕೂತಿದ್ದ.

ಸೋಮವಾರ ನಸುಕಿಗೆ ಶಾಂತಮ್ಮ ಬಂದಳು. ಅವನಿಗೆ ವಾಂತಿ ಭೇದಿ ಶುರುವಾಗಿತ್ತು.

ಹೋದೆ. ನೀರು ಕುದಿಸಿ ಉಪ್ಪು ಹಾಕಿ ಕುಡಿಸಿದೆ, ನಿಲ್ಲಲಿಲ್ಲ. ವಾಂತಿ ಬಳಿದೆ, ಬಟ್ಟೆ ಬದಲಿಸಿದೆ, ಸೆಟೆದ ಮೀನಖಂಡ ತಿಕ್ಕಿದೆ. ಸಿರುಗುಪ್ಪದ ಆಸ್ಪತ್ರೆಗೆ ಒಯ್ಯೋಣವೆಂದರೆ ಬೇನೆಯವನನ್ನು ಏರಿಸಿಕೊಳ್ಳಲು ಯಾವ ಗಾಡಿಯವನೂ ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಅವನ ಕಣ್ಣುಗಳು ಗುಳಿಬಿದ್ದಿದ್ದವು. ಮಾತು ಮಾತ್ರ ಇತ್ತು.

"ಅಯ್ಯಾರ, ತಲಿ ಮ್ಯಾಲ ಕೈ ಇಡ್ರಿ."

ನಾನು ಪ್ರಾರ್ಥನೆ ಮಾಡಿದೆ. ಉದ್ದದ ಪ್ರಾರ್ಥನೆ. ಮುಗಿದ ಮೇಲೆ ಅವನು ಮತ್ತೆ ಅದನ್ನೇ ಕೇಳಿದ.

ಅವನು ಸಭೆಯಿಂದ ನಿಂತವನು. ನಾನು ಗುರುಪಟ್ಟ ಇಲ್ಲದವನು. ಬಳ್ಳಾರಿಯ ವರಾಂಡ ಕಣ್ಣ ಮುಂದೆ ಬಂತು, ಮೂರು ತಾಸು ನಿಂತ ಕಾಲು ನೆನಪಾಯಿತು. ಒಂದು ಚೀಟಿ ಬರೆದೆ: ಹುಲಿಗೆಪ್ಪ ಸಾಯುತ್ತಿದ್ದಾನೆ, ಆಶೀರ್ವಾದ ಕೇಳುತ್ತಿದ್ದಾನೆ, ತಮ್ಮ ಅಪ್ಪಣೆ ಏನು? ಶಾಂತಮ್ಮನ ಅಣ್ಣ ಬಾಲಪ್ಪನ ಕೈಗೆ ಕೊಟ್ಟು ಮೊದಲನೆಯ ಬಸ್ಸಿಗೆ ಓಡಿಸಿದೆ. ಆಗಿನದು ಇದ್ದಲಿನ ಗ್ಯಾಸಿನ ಬಸ್ಸು. ಏರು ಬಂದರೆ ಜನ ಇಳಿದು ತಳ್ಳಬೇಕು. ಬಳ್ಳಾರಿ ಮುಟ್ಟಿ ತಿರುಗಿ ಬರಲು ಸಂಜೆಯಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಡುಹೊತ್ತಿಗೆ ಅವನ ಧ್ವನಿ ಸಣ್ಣಗಾಯಿತು. "ಹಲಗಿ ಬಾರ್ಸೀನಂತ ಕೈ ಇಡವಲ್ರೇನು?"

"ಹಂಗಲ್ಲಪ್ಪಾ" ಎಂದೆ. "ನನಗ ಅಧಿಕಾರ ಇಲ್ಲ. ಬಾಲಪ್ಪ ಹೋಗ್ಯಾನ. ಸಂಜಿಗೆ ಅಪ್ಪಣಿ ಬರ್ತೈತಿ."

ಶಾಂತಮ್ಮ ನನ್ನ ಮುಖ ನೋಡಿದಳು. "ಸಂಜಿ ತನಕ ಇರ್ತಾರೇನ್ರಿ ಇವ್ರು?"

ಆಕೆ ನನ್ನ ಬಲಗೈ ಮಣಿಕಟ್ಟು ಹಿಡಿದಳು. ಹಿಡಿದು ಅವನ ತಲೆಯ ಕಡೆಗೆ ಎಳೆದಳು. ಗದ್ದೆಯಲ್ಲಿ ದುಡಿದ ಕೈ, ಬಲವಾಗಿತ್ತು. ಒಂದು ಗೇಣು ಉಳಿದಿತ್ತು. ನಾನು ಕೈ ಕಿತ್ತುಕೊಂಡೆ.

ಅದೇ ಕೈಯಲ್ಲಿ ಮುಂಜಾನೆಯಿಂದ ಅವನ ಹೇಲು ಬಳಿದಿದ್ದೆ. ಹೇಸಿಗೆ ಆಗಿರಲಿಲ್ಲ, ಬೇನೆ ಅಂಟುತ್ತದೆಂಬ ಭಯವೂ ಆಗಿರಲಿಲ್ಲ. ಅವನ ಮೈಯಲ್ಲಿ ನಾನು ಮುಟ್ಟದೆ ಉಳಿಸಿದ್ದು ತಲೆಯೊಂದನ್ನೇ. ಹೊತ್ತು ಇಳಿಯುವ ಮೊದಲೇ ಅವನು ಹೋದ. ಶಾಂತಮ್ಮ ಅಳಲಿಲ್ಲ. ತನ್ನದೇ ಕೈಯನ್ನು ಅವನ ಹಣೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಬಾಲಪ್ಪ ಬಂದಾಗ ಹೊತ್ತು ಮುಳುಗಿತ್ತು. ನನ್ನ ಚೀಟಿಯ ಹಿಂದುಗಡೆಯೇ ಸಾಮುವೇಲಪ್ಪನವರು ಬರೆದಿದ್ದರು: ಇದನ್ನೂ ಕೇಳಬೇಕೇ? ಕೈ ಇಡು. ತಡ ಮಾಡಬೇಡ.

ಮರುದಿನ ಅವರೇ ಬಂದರು, ಹೂಳಿದರು, ಮಣ್ಣಿನ ಗುಡ್ಡೆಯ ಮೇಲೆ ಕೈ ಎತ್ತಿದರು. ಆಮೇಲೆ ಸಾಲಿಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು, "ಯಾಕೆ ಇಡಲಿಲ್ಲ?" ಎಂದರು.

"ಕುರುಗೋಡು" ಎಂದೆ.

"ನಾನು ಹೇಳಿದ್ದು ಮನೆಯ ಆಶೀರ್ವಾದಕ್ಕಪ್ಪಾ" ಎಂದರು ಅವರು. "ಸಾಯುವವನ ವಿಷಯಕ್ಕಲ್ಲ." ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರ ಬೋಳು ತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಅಂದು ಅವರಿಗೆ ಕುಂಟೆಯ ಸಂಗತಿಯನ್ನೂ ಹೇಳಿದೆ. ಹುಲಿಗೆಪ್ಪನ ಹೆಸರನ್ನು ಸಭೆಯ ಹಾಜರಿ ಪುಸ್ತಕದಲ್ಲಿ ತಿರುಗಿ ಬರೆಸಿದರು. ಸತ್ತವನ ಹೆಸರು ಬರೆದು ಏನಾಗಬೇಕಿತ್ತೋ ಇಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ದೊರೆಗಳು ಹೋದರು, ಮಿಷನ್ನಿನ ಅಪ್ಪಣೆಗಳು ಸಡಿಲಾದವು. ಕಾಲರಾಕ್ಕೆ ಸೂಜಿ ಹಾಕುವವರು ಊರೂರಿಗೆ ಬಂದರು. ಸರಕಾರ ಕೇರಿಯಲ್ಲಿ ಬಾವಿ ತೋಡಿಸಿತು. ಬಾಯಿ ಮಾತಿನ ನಿಯಮಗಳ ಬದಲು ಬಳ್ಳಾರಿಯಿಂದ ಟೈಪು ಮಾಡಿದ ಕಾಗದ ಬರತೊಡಗಿತು, ತುರ್ತಿಗೆ ಉಪದೇಶಿಯೂ ಕೈ ಇಡಬಹುದೆಂದು ಅದರಲ್ಲಿ ಒಂದು ಸಾಲು. ಯಾರ ಹೆಣದ ಮೇಲೆ ಆ ಸಾಲು ಹುಟ್ಟಿತೆಂದು ಕಾಗದದಲ್ಲಿ ಇರಲಿಲ್ಲ. ನನಗೂ ಗುರುಪಟ್ಟವಾಯಿತು. ಅದರ ಸಂಭ್ರಮ ಇಲ್ಲಿ ಬೇಡ.

ಪಟ್ಟವಾದ ಮೇಲೆ ಆ ಊರಿನ ಸಾಲಿಯಲ್ಲಿ ಮೊದಲ ಆರಾಧನೆ. ಕೊನೆಯ ಹಾಡು ಮುಗಿಯಿತು, ನಾನು ಕೈ ಎತ್ತಲು ಸಿದ್ಧನಾದೆ. ಹೆಂಗಸರ ಸಾಲಿನಿಂದ ಶಾಂತಮ್ಮ ಎದ್ದು ಹೊರಗೆ ಹೋದಳು. ಹೋಗಿ ಗಂಡ ಕೂತಿದ್ದ ಗೋಡೆಯ ಬದಿಗೆ ಕೂತಳು. ಆಶೀರ್ವಾದ ಮುಗಿದ ಮೇಲೆ ಒಳಗೆ ಬಂದು ಚಾಪೆ ಸುತ್ತಿದಳು. ಏನೋ ಕೆಲಸ ಇದ್ದೀತು ಎಂದುಕೊಂಡೆ. ಮುಂದಿನ ಸಲವೂ ಹಾಗೆಯೇ. ನಾಲ್ಕು ವರ್ಷ ಹಾಗೆಯೇ. ಸಭೆಯಲ್ಲಿ ಆಕೆಯಷ್ಟು ಮಾತು ಕೇಳಿದವರು ಇರಲಿಲ್ಲ. ಸುಗ್ಗಿಯ ಮೊದಲ ಮೊರದ ಜೋಳ ಆಕೆಯದು, ಸಾಲಿ ಗುಡಿಸುವುದು ಆಕೆ, ಉಪವಾಸ ಎಂದರೆ ಉಪವಾಸ. ಆಶೀರ್ವಾದವನ್ನು ಮಾತ್ರ ಆಕೆ ನನ್ನ ಕೈಯಿಂದ ಒಂದು ದಿನವೂ ತೆಗೆದುಕೊಳ್ಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ನಿಮಗೆ ಹೇಳಬೇಕಾದ್ದು ಇಷ್ಟೇ. ಮಾತು ಕೇಳುವುದನ್ನು ಕಲಿಸುವ ಮೊದಲು, ಆ ಮಾತು ಕೇಳಿದವರು ಯಾವ ನೀರು ಕುಡಿಯಬೇಕಾಗುತ್ತದೆ ಎಂದು ಹೋಗಿ ನೋಡಿ ಬನ್ನಿ. ಮೇಲಿನವರ ಅಪ್ಪಣೆ ಭಯದಿಂದ ದೊಡ್ಡದಾಗಿ ಕೇಳಿಸುತ್ತದೆ. ಅವರು ಹೇಳದೇ ಇದ್ದದ್ದನ್ನೂ ನಾವು ಪಾಲಿಸಿಬಿಡುತ್ತೇವೆ.

ಬಳ್ಳಾರಿಗೆ ನನ್ನ ವರ್ಗವಾದ ವರ್ಷ, ಆ ಊರಿನ ಕೊನೆಯ ಆರಾಧನೆ ಮುಗಿಸಿ ನಾನು ಹೊರಗೆ ಗೋಡೆಯ ಬದಿಗೆ ಹೋದೆ. ಶಾಂತಮ್ಮ ಇನ್ನೂ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ಆಕೆಯ ಮುಂದೆ ನೆಲದ ಮೇಲೆ ಕೂತೆ. ಅತ್ತುಬಿಟ್ಟೆ. ಆಮೇಲೆ ತಲೆ ಬಾಗಿಸಿ ಹೇಳಿದೆ:

"ಶಾಂತಮ್ಮ, ತಾಯಿ, ನಾ ನಾಳಿ ಹೊಂಟೀನಿ. ನನ್ನ ತಲಿ ಮ್ಯಾಲ ನೀನು ಒಂದ್ಸಲ ಕೈ ಇಡು."

ಆಕೆ ಗಾಬರಿಯಾಗಿ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹುಲಿಗೆಪ್ಪ ಸಾಯುವ ದಿನ ನಾನು ಅವರ ಮನೆಯೊಳಗೆ ಕೂತು ಹೇಳಿದ್ದನ್ನು ಆಕೆ ನಂಬಿ, ಜೋಪಾನವಾಗಿ ಇಟ್ಟುಕೊಂಡಿದ್ದಳು.

"ಹಂಗ ಹ್ಯಾಂಗ್ರಿ ಅಯ್ಯಾರ?" ಎಂದಳು. "ನನಗ ಅಧಿಕಾರ ಇಲ್ಲಲ್ರಿ."

ಎದ್ದು, ಪೊರಕೆ ತೆಗೆದುಕೊಂಡು, ಸಾಲಿ ಗುಡಿಸಲು ಒಳಗೆ ಹೋದಳು.